ಓಡೋನ ಕಂಡ್ರೆ ನಮಗ್ಯಾಕೆ ಉರಿ?

ಈ ವಾರ ಬೆಳೆ ವಿಷಯ ಇಲ್ಲ. ಕೂಳೆ ಕಬ್ಬಿನ ಕಥೆ ಮುಂದಿನ ವಾರ ಬರೀತೀನಿ. ಇವತ್ತು ನನ್ನ ನಾಲಿಗೆ ವಿಷಯ.

ನಮ್ಮೂರು ಪಾಂಡವಪುರಕ್ಕೂ ಶ್ರೀರಂಗಪಟ್ಟಣಕ್ಕೂ ನಡುವೆ, ವಿ.ಸಿ. ನಾಲೆ ಪಕ್ಕ. ಬೆಳಿಗ್ಗೆ ಡೈರಿಗೆ ಹಾಲು ಹಾಕಿ, ಎದುರಿನ ಟೀ ಅಂಗಡಿ ಜಗಲಿ ಮೇಲೆ ಏಳೆಂಟು ಜನ ಕೂರ್ತೀವಿ. ಅದೇ ಹೊತ್ತಿಗೆ ನಾಲೆ ಏರಿ ಮೇಲೆ ನಮ್ಮೂರೋನೇ ಒಬ್ಬ ಓಡ್ಕೊಂಡು ಬರ್ತಾನೆ. ವಯಸ್ಸು ನಲವತ್ತು ದಾಟಿದೆ. ನಮ್ಮ ಹಾಗೇ ಗದ್ದೆ ಇದೆ, ಹಸು ಇದೆ. ಚಡ್ಡಿ, ಟೀ ಶರ್ಟು, ಬೂಟು ಹಾಕ್ಕೊಂಡು, ಯಾರ ತಂಟೆಗೂ ಹೋಗದೆ ತನ್ನ ಪಾಡಿಗೆ ತಾನು ಓಡ್ತಾನೆ.

ಅವನು ಕಂಡ ಕೂಡ್ಲೇ ಜಗಲಿಗೆ ಜೀವ ಬರ್ತಿತ್ತು. 'ನಾಯಿ ಅಟ್ಟಿಸ್ಕೊಂಡ್ ಬತ್ತಾ ಅದಾ?' ಅನ್ನೋನು ಒಬ್ಬ. 'ತಿಂದಿದ್ದು ಜಾಸ್ತಿ ಆಗದೆ ಕಣ್ಲಾ' ಅನ್ನೋನು ಇನ್ನೊಬ್ಬ. ನನ್ನದೊಂದು ಕಾಯಂ ಮಾತಿತ್ತು: 'ನಮ್ ಗದ್ದೆಗ್ ಬಂದು ಕಬ್ಬು ಕಡಿಯಪ್ಪ, ಬೆವರೂ ಬತ್ತದೆ, ಕೂಲೀನೂ ಸಿಕ್ತದೆ.' ಎಲ್ಲರೂ ನಗೋರು. ಅವನೂ ಕೈ ಎತ್ತಿ ನಕ್ಕು ಮುಂದೆ ಹೋಗೋನು. ಅವನು ನಕ್ಕಿದ್ದು ನೋಡಿ ನನಗೆ ಇನ್ನೂ ಉರೀತಿತ್ತು.

ಹೋದ ವರ್ಷ ಖಾಲಿ ಹೊಟ್ಟೇಲಿ ರಕ್ತ ಪರೀಕ್ಷೆ ಮಾಡಿಸ್ದಾಗ ನನಗೆ ಸಕ್ಕರೆ 168 ಬಂತು. 126 ದಾಟಿದ್ರೆ ಸಕ್ಕರೆ ಕಾಯಿಲೆ ಅಂತ ಲೆಕ್ಕ. ಡಾಕ್ಟರು ಮಾತ್ರೆ ಬರ್ಕೊಟ್ಟು, ವಾರಕ್ಕೆ 150 ನಿಮಿಷವಾದ್ರೂ ಬಿರುಸಾಗಿ ನಡೀರಿ ಅಂದ್ರು. 'ನಾವು ರೈತರು ಸಾರ್, ದಿನವಿಡೀ ನಡೆಯೋದೇ ನಮ್ಮ ಕೆಲ್ಸ' ಅಂತ ಜಂಬದಿಂದ ಹೇಳ್ಬಂದೆ. ಚೀಟಿ ಬೀರು ಸೇರ್ತು.

ಮಗಳು ನನ್ನ ಮೊಬೈಲ್‌ಗೆ ಹೆಜ್ಜೆ ಎಣಿಸೋ ಆ್ಯಪ್ ಹಾಕಿ, 'ಅಪ್ಪ, ಜೇಬಲ್ಲೇ ಇಟ್ಕೊಂಡಿರು' ಅಂದ್ಲು. ಸಂಜೆ ನೋಡಿದ್ರೆ 2,900 ಹೆಜ್ಜೆ. ಎರಡು ಕಿಲೋಮೀಟರ್ ಮೇಲೆ ಒಂಚೂರು, ಅಷ್ಟೇ. ಆ್ಯಪ್ ಕೆಟ್ಟಿರ್ಬೇಕು ಅಂದೆ. ಮಾರನೇ ದಿನ ಅದಕ್ಕಿಂತ ಕಡಿಮೆ.

ಕೂತು ಲೆಕ್ಕ ಹಾಕ್ದೆ. ಎಕರೆಗೆ 43,560 ಚದರ ಅಡಿ. ನೇಗಿಲ ಸಾಲು ಮುಕ್ಕಾಲು ಅಡಿ ಅಗಲ ಅಂತ ಇಟ್ಕೊಳ್ಳಿ. ಒಂದೆಕರೆ ಒಂದ್ಸಲ ಉತ್ತು ಮುಗಿಸೋಕೆ ನಮ್ಮಪ್ಪ ಎತ್ತಿನ ಹಿಂದೆ 58,080 ಅಡಿ ನಡೀಬೇಕಿತ್ತು. ಹದಿನೇಳೂವರೆ ಕಿಲೋಮೀಟರ್‌ಗಿಂತ ಜಾಸ್ತಿ, ಅದೂ ಮಣ್ಣಲ್ಲಿ, ನೇಗಿಲ ಮೇಣಿ ಒತ್ಕೊಂಡು. ಅದಾದ್ಮೇಲೆ ಅಡ್ಡ ಉಳುಮೆ ಬೇರೆ. ಇವತ್ತು ಅದೇ ಎಕರೆಗೆ ಟ್ರ್ಯಾಕ್ಟರ್ ಬರ್ತದೆ, ನಾನು ಬದುವಿನ ಮೇಲೆ ನಿಂತಿರ್ತೀನಿ. ಪಂಪ್ ಆನ್ ಮಾಡೋಕೆ ಮೊಬೈಲ್ ಸ್ಟಾರ್ಟರ್. ಗದ್ದೆಗೆ ಬೈಕು, ಡೈರಿಗೂ ಬೈಕು. ನಾಟಿ, ಕಳೆ, ಕಟಾವು ಎಲ್ಲ ಕೂಲಿಯೋರದ್ದು. ಮುದ್ದೆ ಮಾತ್ರ ಅಪ್ಪನ ಅಳತೆದ್ದೇ.

ಅಪ್ಪನ ಕಷ್ಟ ವಾಪಸ್ ಬರ್ಲಿ ಅಂತ ನಾನು ಹೇಳ್ತಿಲ್ಲ. ಆ ಮನುಷ್ಯನ ಬೆನ್ನು ಐವತ್ತಕ್ಕೇ ಬಾಗಿತ್ತು. ಆದ್ರೆ ಅವರ ಬೆವರನ್ನ ನನ್ನ ಲೆಕ್ಕಕ್ಕೆ ಬರ್ಕೊಂಡು, ಆ ಬಲದ ಮೇಲೆ ಇನ್ನೊಬ್ಬನ್ನ ಆಡ್ಕೋತಿದ್ದೆನಲ್ಲ, ಅದು ತಪ್ಪು. ಅವನು ಓಡ್ತಾ ಬಂದಾಗೆಲ್ಲ ನನಗೆ ಕಾಣ್ತಿದ್ದದ್ದು ಬೀರುವಿನೊಳಗಿನ ಚೀಟಿ. ಅವನು ನನಗೆ ಒಂದು ಮಾತೂ ಹೇಳಿರ್ಲಿಲ್ಲ. ಆದ್ರೂ ದಿನಾ ಬೆಳಿಗ್ಗೆ ಬಂದು ಬೈದು ಹೋದ ಹಾಗೆ ಆಗ್ತಿತ್ತು.

ಇನ್ನೊಂದು ಮಾತು. ಭತ್ತದ ನಾಟಿಗೆ ಬಂದಿದ್ದ ಹೆಂಗಸರನ್ನ ಬುತ್ತಿ ಹೊತ್ತಲ್ಲಿ ಕೇಳ್ದೆ: 'ಅಕ್ಕ, ಅವನು ಹಂಗೆ ಓಡೋದು ನೋಡಿದ್ರೆ ನಿಮಗೆ ಏನನ್ನಿಸ್ತದೆ?' ಬೆಳಿಗ್ಗೆಯಿಂದ ಸೊಂಟ ಬಗ್ಗಿಸಿದ್ದವರು. ಬೈಯ್ಯೋಕೆ ಹಕ್ಕಿದ್ರೆ ಅವರಿಗೇ ಇರ್ಬೇಕು. ಅವರಲ್ಲೊಬ್ಬರು, 'ಓಡ್ಲಿ ಬುಡಣ್ಣ, ನಮ್ಗೇನು? ಪುರ್ಸೊತ್ತಿದ್ರೆ ನಾವು ಓಡಾಕಿಲ್ಲಪ್ಪ, ಮನಿಕ್ಕೊತೀವಿ' ಅಂತ ನಕ್ಕು ಉಪ್ಪಿನಕಾಯಿ ನೆಕ್ಕಿದ್ರು. ಉರಿ ಇದ್ದದ್ದು ಗದ್ದೇಲಿ ಬಗ್ಗಿದವರಿಗಲ್ಲ, ಜಗಲಿ ಮೇಲೆ ಕೂತಿದ್ದ ನಮಗೆ.

ಅದೇ ನಾಲೆ ಏರಿ ಮೇಲೆ ಪೊಲೀಸು, ಮಿಲಿಟರಿ ಅಂತ ಹುಡುಗರೂ ಓಡ್ತಾರೆ. ಕಾನ್‌ಸ್ಟೇಬಲ್ ಕೆಲಸಕ್ಕೆ 1,600 ಮೀಟರ್ 6 ನಿಮಿಷ 30 ಸೆಕೆಂಡಲ್ಲಿ ಮುಗಿಸ್ಬೇಕು. 2022ರಲ್ಲಿ ಶುರುವಾದ ಅಗ್ನಿವೀರಕ್ಕೆ 1.6 ಕಿಲೋಮೀಟರನ್ನ 5 ನಿಮಿಷ 30 ಸೆಕೆಂಡೊಳಗೆ ಓಡಿದ್ರೆ ಪೂರ್ತಿ 60 ಅಂಕ. ಕೆ.ಆರ್. ಪೇಟೆ ಕಡೆ ಹೇಮಾವತಿ ನಾಲೆ ಏರಿ ಮೇಲೂ, ನಾಗಮಂಗಲದ ನಮ್ಮ ಬೀಗರ ಊರಲ್ಲೂ ಇಂಥ ಹುಡುಗರನ್ನ ನೋಡಿದೀನಿ. ಅವರನ್ನ ನಾವ್ಯಾರೂ ಆಡ್ಕೊಳ್ಳಲ್ಲ. 'ಓಡು ಮಗ, ಓಡು' ಅಂತೀವಿ. ಕೆಲಸಕ್ಕೆ ಓಡಿದ್ರೆ ಸರಿ, ತನ್ನ ದೇಹಕ್ಕೆ ಓಡಿದ್ರೆ ಕೊಬ್ಬು. ಹಸು ಮೇವು ಬಿಟ್ಟರೆ ಅರ್ಧ ರಾತ್ರೀಲಿ ಡಾಕ್ಟರನ್ನ ಕರೆಸೋ ನಮಗೆ, ಮನುಷ್ಯ ತನ್ನ ಮೈ ನೋಡ್ಕೊಂಡ್ರೆ ಯಾಕೆ ಸೊಕ್ಕಾಗಿ ಕಾಣ್ತದೋ!

ನಮ್ಮ ಮಾತಿಂದ ಯಾರಿಗೇನು ನಷ್ಟ ಅಂತ ಅಂದ್ಕೊಂಡಿದ್ದೆ. ಮೊನ್ನೆ ಕರೆಂಟು ನೋಡಿ ನೀರು ಕಟ್ಟೋಕೆ ನಾಲ್ಕೂವರೆಗೆ ಗದ್ದೆಗೆ ಹೊರಟೆ. ಕತ್ತಲೆ. ಏರಿ ಮೇಲೆ ಯಾರೋ ಓಡ್ತಾ ಇದ್ರು, ಹಿಂದೆ ಬೈಕಿನ ಲೈಟು. ಹತ್ತಿರ ಹೋಗಿ ನೋಡಿದ್ರೆ ನಮ್ಮ ಕೇರಿ ಹುಡುಗಿ. ಬೈಕಲ್ಲಿ ಅವಳ ಅಪ್ಪ. ಪೊಲೀಸ್ ಪರೀಕ್ಷೆಗೆ ಓಡ್ತಾಳಂತೆ, ಹೆಣ್ಣುಮಕ್ಕಳಿಗೆ 400 ಮೀಟರ್ ಎರಡು ನಿಮಿಷ.

'ಇಷ್ಟೊತ್ತಲ್ಲಿ ಯಾಕಪ್ಪ? ಹಾವು ಹುಳ ಇರ್ತವೆ, ಪಕ್ಕದಲ್ಲೇ ನಾಲೆ ತುಂಬಿ ಹರೀತದೆ. ಬೆಳಕಾದ್ಮೇಲೆ ಬಂದ್ರೆ ಆಗಲ್ವಾ?' ಅಂದೆ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. 'ಬೆಳಕಾದ್ರೆ ನೀವೆಲ್ಲ ಜಗಲಿ ಮೇಲೆ ಕೂತಿರ್ತೀರಲ್ಲಣ್ಣ' ಅಂದ.

ನನಗೆ ಬಾಯಿ ಕಟ್ಟಿಹೋಯ್ತು. ಹುಡುಗರಿಗೆ ಓಡು ಮಗ ಅಂದೋರು ನಾವು, ಹುಡುಗಿಗೆ ಹಂಗಂತೀವಿ ಅನ್ನೋ ನಂಬಿಕೆ ಅವನಿಗೆ ಇರ್ಲಿಲ್ಲ. ನನಗೂ ಇರ್ಲಿಲ್ಲ. ಅವಳು ಹಾವಿಗಿಂತ, ನಾಲೆಗಿಂತ ನಮ್ಮ ಬಾಯಿಗೆ ಹೆದರಿದ್ಲು.

ಆವತ್ತೇ ಡೈರಿ ಹತ್ರ ಎಲ್ಲರ ಮುಂದೆ ಈ ವಿಷಯ ಎತ್ತಿದೆ. ಇಬ್ಬರು ತಲೆ ತಗ್ಗಿಸಿದ್ರು, ಒಬ್ಬ ಟೀ ಬಿಟ್ಟು ಎದ್ದು ಹೋದ. ಹುಡುಗಿ ಅಪ್ಪನ ಮನೆಗೂ ಹೋಗಿ, ಮಗಳನ್ನ ಬೆಳಕಲ್ಲೇ ಕಳಿಸು, ಯಾರಾದ್ರೂ ಏನಾದ್ರೂ ಅಂದ್ರೆ ನಾನಿದೀನಿ ಅಂದೆ. 'ನೋಡನ ಅಣ್ಣ' ಅಂದ. ಇನ್ನೂ ಕತ್ತಲಲ್ಲೇ ಬರ್ತಾರೆ. ನಂಬಿಕೆ ಒಂದೇ ದಿನಕ್ಕೆ ಚಿಗುರಲ್ಲ, ಗೊತ್ತು.

ನಾನಂತೂ ಓಡ್ತಿಲ್ಲ, ಮಂಡಿ ಕೇಳಲ್ಲ. ಬೈಕು ಬಿಟ್ಟು ಗದ್ದೆಗೆ ನಡ್ಕೊಂಡು ಹೋಗ್ತಿದೀನಿ, ಹೋಗಿ ಬಂದ್ರೆ ಮೂರು ಕಿಲೋಮೀಟರ್. ಮೊದಲ ದಿನವೇ ಜಗಲಿಯಿಂದ ಕೂಗು ಬಂತು, 'ಏನಣ್ಣ, ಪೆಟ್ರೋಲ್ ಖಾಲಿಯಾ?' ನಾನೂ ಕೈ ಎತ್ತಿ ನಕ್ಕೆ. ಹಾಗೆ ನಗೋದು ಎಷ್ಟು ಕಷ್ಟ ಅಂತ ಆಗ ಗೊತ್ತಾಯ್ತು.

ನೀವೂ ಒಂದು ದಿನ ಮೊಬೈಲ್ ಜೇಬಲ್ಲಿಟ್ಕೊಂಡು ಹೆಜ್ಜೆ ಎಣಿಸಿ ನೋಡಿ. ಎಷ್ಟು ಬಂತು ಅಂತ ಕೆಳಗೆ ಬರೀರಿ, ಸುಳ್ಳು ಬೇಡ. ಹಾಗೇ ನಿಮ್ಮೂರಲ್ಲಿ ಕತ್ತಲಲ್ಲಿ ಓಡೋ ಹೆಣ್ಣುಮಕ್ಕಳಿದ್ರೆ, ಯಾಕೆ ಅಂತ ಅವರಪ್ಪನ್ನ ಒಂದ್ಸಲ ಕೇಳಿ.