ನನ್ನ ಮುಂದೆ ಒಂದು ಸಲ ಮಾಡು

ನಮ್ಮ ಮನೆಯಲ್ಲಿ ಅದಕ್ಕೆ ಲಂಚವೆಂಬ ಹೆಸರಿರಲಿಲ್ಲ, ‘ಮಾಮೂಲು’ ಎನ್ನುತ್ತಿದ್ದೆವು. ರಾಯದುರ್ಗದ ಕಚೇರಿಯೊಂದರಲ್ಲಿ ನಮ್ಮ ತಂದೆಯವರು ಗುಮಾಸ್ತರಾಗಿದ್ದರು. ಸುಗ್ಗಿ ಬಂತೆಂದರೆ ಕಡಲೆಕಾಯಿಯ ಚೀಲ, ಬೆಲ್ಲದ ಅಚ್ಚು, ಒಮ್ಮೊಮ್ಮೆ ನಾಲ್ಕಾಗಿ ಮಡಿಸಿದ ನೋಟು ನಮ್ಮ ಪಡಸಾಲೆಗೆ ಬರುತ್ತಿದ್ದವು. ತಂದವರು ಕೈಮುಗಿದು ಹೋಗುತ್ತಿದ್ದರು. ಸಂತೋಷದಿಂದ ಕೊಟ್ಟರೆಂದೇ ಮಕ್ಕಳಾದ ನಾವು ನಂಬಿದ್ದೆವು. ಆ ನಂಬಿಕೆಯನ್ನು ಕಳೆದದ್ದು ಬೋಧನೆಯಲ್ಲ, ಒಂದು ನಾಟಕ.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ಹುಟ್ಟಿದಾಗ ಬಳ್ಳಾರಿ ಜಿಲ್ಲೆ ಒಡೆಯಿತೆಂಬುದು ಈ ಪತ್ರಿಕೆಯ ಓದುಗರಿಗೆ ಹೊಸ ವಿಷಯವಲ್ಲ. ಬಳ್ಳಾರಿ ಮೈಸೂರಿಗೆ ಹೋಯಿತು. ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರದಲ್ಲಿ ಉಳಿದವು. ಅಂದಿನಿಂದ ಕನ್ನಡ ನಾಟಕವೆಂದರೆ ನಮ್ಮೂರಿನವರಿಗೆ ರೈಲು ಹತ್ತಿ, ಗಡಿ ದಾಟಿ ನೋಡಿಬರುವ ಸಂಗತಿಯಾಯಿತು. ತಂದೆಯವರು ಕಚೇರಿಯಲ್ಲಿ ತೆಲುಗಿನಲ್ಲಿ ಬರೆದು, ಮನೆಯಲ್ಲಿ ಕನ್ನಡ ಕಾದಂಬರಿ ಓದುವವರು. ಎಪ್ಪತ್ತರ ದಶಕದ ಒಂದು ಬೇಸಿಗೆಯಲ್ಲಿ, ಮಾಸ್ಟರ್ ಹಿರಣ್ಣಯ್ಯನವರ ‘ಲಂಚಾವತಾರ’ವನ್ನು ತೋರಿಸಲು ಅವರೇ ನಮ್ಮೆಲ್ಲರನ್ನೂ ಬಳ್ಳಾರಿಗೆ ಕರೆದೊಯ್ದರು. ಆಗ ನನಗೆ ಹನ್ನೊಂದು ವರ್ಷ.

ಇಂದಿನ ಮಕ್ಕಳಿಗೆ ಆ ಹೆಸರನ್ನು ಪರಿಚಯಿಸಬೇಕಾಗಿದೆ. ನರಸಿಂಹಮೂರ್ತಿ ಎಂಬುದು ಅವರ ಮೂಲ ಹೆಸರು. 1934ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು. ತಂದೆ ಕೆ. ಹಿರಣ್ಣಯ್ಯನವರು ಹೆಸರಾಂತ ನಟ, ನಾಟಕಕಾರ. 1943ರ ‘ವಾಣಿ’ ಚಲನಚಿತ್ರವನ್ನು ಮಾಡಿದವರು. ನಮ್ಮ ತಾಲೂಕು ಆಂಧ್ರಕ್ಕೆ ಸೇರಿದ 1953ರಲ್ಲಿಯೇ ಅವರು ತೀರಿಕೊಂಡರು. ಇನ್ನೂ ಇಪ್ಪತ್ತು ತುಂಬದ ಮಗ ಕಾಲಕ್ರಮದಲ್ಲಿ ತಂದೆಯ ಹೆಸರಿನ ‘ಮಿತ್ರ ಮಂಡಳಿ’ಯನ್ನು ಕಟ್ಟಿಕೊಂಡು ಊರೂರು ಸುತ್ತಿದರು. ‘ಲಂಚಾವತಾರ’, ‘ನಡುಬೀದಿ ನಾರಾಯಣ’, ‘ಭ್ರಷ್ಟಾಚಾರ’, ‘ಕಪಿಮುಷ್ಟಿ’ ಮುಂತಾದ ನಾಟಕಗಳನ್ನು ಆಡಿದರು. ‘ಲಂಚಾವತಾರ’ವೊಂದೇ ಸಾವಿರಾರು ಪ್ರಯೋಗಗಳನ್ನು ಕಂಡಿತು. ಬರೆದಿಟ್ಟ ಸಂಭಾಷಣೆಯನ್ನು ನಡುವೆ ಬಿಟ್ಟು, ಅಂದಿನ ಪತ್ರಿಕೆಯ ಸುದ್ದಿಯನ್ನೇ ಎತ್ತಿಕೊಂಡು ಮಂತ್ರಿಗಳನ್ನೂ ಅಧಿಕಾರಿಗಳನ್ನೂ ಕಾವಿ ತೊಟ್ಟ ಕಪಟಿಗಳನ್ನೂ ಎಳೆದಾಡುವುದು ಅವರ ಕ್ರಮ. ಹೀಗಾಗಿ ಒಂದು ರಾತ್ರಿಯ ನಾಟಕ ಮರುರಾತ್ರಿ ಇರುತ್ತಿರಲಿಲ್ಲ. ಅವರ ಬಾಯಿಗೆ ತುತ್ತಾದವರು ಎಷ್ಟೋ ಸಲ ಮುಂದಿನ ಸಾಲಿನ ಕುರ್ಚಿಯಲ್ಲಿಯೇ ಕುಳಿತಿರುತ್ತಿದ್ದರು.

ಆ ರಾತ್ರಿಯ ಮಾತುಗಳಲ್ಲಿ ಒಂದೂ ನನಗೆ ಈಗ ನೆನಪಿಲ್ಲ. ನೆನಪಿರುವುದು ತಂದೆಯವರ ಮುಖ. ಮೊದಲು ಅವರು ಎಲ್ಲರಿಗಿಂತ ಜೋರಾಗಿ ನಕ್ಕರು. ಹೆಗಲ ಮೇಲಿನ ವಸ್ತ್ರದಿಂದ ಕಣ್ಣೊರೆಸಿಕೊಂಡು ನಕ್ಕರು. ಯಾವುದೋ ಒಂದು ಘಟ್ಟದಲ್ಲಿ ನಗೆ ನಿಂತಿತು. ಸುತ್ತಲೂ ಸಭೆ ಹೊಟ್ಟೆ ಹಿಡಿದುಕೊಂಡು ನಗುತ್ತಿರಲು, ಅವರೊಬ್ಬರು ಎರಡೂ ಕೈಗಳನ್ನು ಮೊಣಕಾಲಿನ ಮೇಲಿಟ್ಟುಕೊಂಡು ರಂಗವನ್ನೇ ನೋಡುತ್ತಿದ್ದರು. ಹಿಂದಿರುಗುವ ರೈಲಿನಲ್ಲಿ ಒಂದು ಮಾತನ್ನೂ ಆಡಲಿಲ್ಲ.

ನನಗಾದರೋ ಹೊಸ ಆಟವೊಂದು ಸಿಕ್ಕಿತ್ತು. ಮರುವಾರ, ತಂದೆಯವರು ಕಚೇರಿಯಲ್ಲಿದ್ದಾಗ, ತಂಗಿಯರನ್ನೂ ಓಣಿಯ ಹುಡುಗರನ್ನೂ ಪಡಸಾಲೆಯಲ್ಲಿ ಕೂಡಿಸಿ ನಾನು ಗುಮಾಸ್ತನಾದೆ. ಅವರ ಕನ್ನಡಕ, ಅವರ ಕೆಮ್ಮು, ಕಡಲೆಕಾಯಿಯ ಚೀಲವನ್ನು ಓರೆಗಣ್ಣಿನಿಂದ ಅಳೆಯುವ ಅವರ ರೀತಿ, “ನಾಡಿದ್ದು ಬಾರಪ್ಪ” ಎನ್ನುವಾಗಿನ ಅವರ ಧ್ವನಿ, ಯಾವುದನ್ನೂ ಬಿಡಲಿಲ್ಲ. ಮಕ್ಕಳು ಬಿದ್ದು ಬಿದ್ದು ನಕ್ಕರು. ಇದ್ದಕ್ಕಿದ್ದಂತೆ ನಗೆ ನಿಂತಾಗ ತಿರುಗಿ ನೋಡಿದೆ. ಬಾಗಿಲಲ್ಲಿ ತಂದೆಯವರು ನಿಂತಿದ್ದರು.

ಹೊಡೆಯುವರೆಂದು ಕಾದೆ. ಅವರು ಚಪ್ಪಲಿ ಬಿಟ್ಟು ಒಳಗೆ ಬಂದು, ಗೋಡೆಗೊರಗಿ ಮಕ್ಕಳ ಸಾಲಿನಲ್ಲಿಯೇ ಕುಳಿತರು. “ಎಲ್ಲರ ಮುಂದೆ ಮಾಡಿದೆಯಲ್ಲೋ, ನನ್ನ ಮುಂದೆ ಒಂದು ಸಲ ಮಾಡು” ಎಂದರು. ಧ್ವನಿಯಲ್ಲಿ ಕೋಪವಿರಲಿಲ್ಲ. ನನಗೆ ನಾಲಗೆ ಏಳಲಿಲ್ಲ. ಕನ್ನಡಕವನ್ನು ಅವರ ಕೈಗಿಟ್ಟು ಹಿತ್ತಲಿಗೆ ಓಡಿದೆ.

ಅಂದಿನಿಂದ ತಂದೆಯವರು ಬದಲಾದರೆಂದು ಬರೆದರೆ ಸುಳ್ಳಾದೀತು. ಮಾಮೂಲು ನಿಲ್ಲಲಿಲ್ಲ; ಪಡಸಾಲೆಯಿಂದ ಹಿತ್ತಲ ಬಾಗಿಲಿಗೆ ಸರಿಯಿತು, ಅಷ್ಟೆ. ಆದರೆ ಬಡ ರೈತರು ತಂದ ಚೀಲ ಕೆಲವು ಸಲ ಹಿಂದಿರುಗಿತೆಂದು ಅಮ್ಮ ಮುಂದೆಂದೋ ಹೇಳಿದರು. ಒಂದು ನಗೆ ಮಾಡಬಲ್ಲ ಕೆಲಸ ಅಷ್ಟೇ ಇರಬಹುದು. ಅದು ಮನುಷ್ಯನನ್ನು ತಿದ್ದದಿದ್ದರೂ, ತಾನು ಮಾಡುತ್ತಿರುವುದಕ್ಕೆ ಸರಿಯಾದ ಹೆಸರೇನೆಂದು ಅವನಿಗೆ ತಿಳಿಸಿಬಿಡುತ್ತದೆ.

ಈ ನಗೆ ನಮ್ಮ ಸೀಮೆಗೆ ಹೊರಗಿನಿಂದ ಬಂದದ್ದಲ್ಲ. ತೊಗಲುಗೊಂಬೆಯಾಟವನ್ನು ನೋಡಿದ ಹಿರಿಯರಿಗೆ ಕಿಳ್ಳೇಕ್ಯಾತನೂ ಬಂಗಾರಕ್ಕನೂ ನೆನಪಿರುತ್ತಾರೆ. ಪರದೆಯ ಮೇಲೆ ರಾಮಾಯಣ ನಡೆದಿರುವಾಗಲೇ ನಡುವೆ ನುಗ್ಗಿ ಊರಿನ ದೊಡ್ಡವರನ್ನು ಗೇಲಿ ಮಾಡುವ ಹಕ್ಕು ಆ ಜೋಡಿಗೆ ಇತ್ತು. ರಾಮನಿಗೆ ಕೈಮುಗಿದ ಜನವೇ ಮರುಕ್ಷಣ ಕಿಳ್ಳೇಕ್ಯಾತನ ಮಾತಿಗೆ ನಗುತ್ತಿದ್ದರು. ಭಕ್ತಿಗೆ ಭಂಗ ಬಂತೆಂದು ಯಾರೂ ದೀಪ ಆರಿಸಲಿಲ್ಲ. ಇನ್ನು ಬೀಚಿಯವರು, ಎಂದರೆ ರಾಯಸಂ ಭೀಮಸೇನರಾಯರು, 1913ರಲ್ಲಿ ಹುಟ್ಟಿದ್ದು ಹರಪನಹಳ್ಳಿಯಲ್ಲಿ. ಆಗ ಹರಪನಹಳ್ಳಿಯೂ ರಾಯದುರ್ಗವೂ ಒಂದೇ ಬಳ್ಳಾರಿ ಜಿಲ್ಲೆ. ಆತ್ಮಕಥೆಗೆ ‘ನನ್ನ ಭಯಾಗ್ರಫಿ’ ಎಂದು ಹೆಸರಿಟ್ಟು, ಲೋಕವನ್ನು ನಗುವ ಮೊದಲು ತನ್ನನ್ನೇ ನಕ್ಕುಕೊಂಡ ಆ ಮಹನೀಯರು ನಮ್ಮ ಜಿಲ್ಲೆಯವರೇ ಎಂದು ಮಕ್ಕಳಿಗೆ ಹೇಳಬೇಡವೇ?

ಈಗ ಕಾಲ ಬೇರೆಯಾಗಿದೆ. ಪರದೆ, ಬಣ್ಣ, ಮೇಳ ಯಾವುದೂ ಇಲ್ಲದೆ, ಒಂದು ಮೈಕು ಹಿಡಿದು ಒಬ್ಬರೇ ನಿಂತು ಧರ್ಮ, ರಾಜಕೀಯಗಳನ್ನು ನಗೆಗೀಡುಮಾಡುವ ಸ್ಟ್ಯಾಂಡಪ್ ಕಲಾವಿದರು ಊರಿಂದೂರಿಗೆ ತಿರುಗುತ್ತಿದ್ದಾರೆ. ಅವರ ದಾರಿಯೂ ಸುಗಮವಲ್ಲ. ಮುನವ್ವರ್ ಫಾರೂಕಿ ಎಂಬ ಕಲಾವಿದರು 2021ರ ಜನವರಿ 1ರಂದು ಇಂದೋರಿನಲ್ಲಿ ಬಂಧಿತರಾದರು. ಅದೇ ವರ್ಷದ ನವೆಂಬರ್ 28ರಂದು ಬೆಂಗಳೂರಿನಲ್ಲಿ ನಡೆಯಬೇಕಿದ್ದ ಅವರ ಕಾರ್ಯಕ್ರಮ, ಶಾಂತಿಭಂಗವಾದೀತೆಂದು ಪೊಲೀಸರು ಹೇಳಿದ ಮೇಲೆ ರದ್ದಾಯಿತು. ಮುಂದಿನ ವರ್ಷದ ಆಗಸ್ಟಿನಲ್ಲಿ ಹೈದರಾಬಾದಿನಲ್ಲಿ ಅವರ ಕಾರ್ಯಕ್ರಮ ಪೊಲೀಸ್ ಕಾವಲಿನ ನಡುವೆ ನಡೆಯಿತು. ಅವರ ಹಾಸ್ಯ ಎಲ್ಲರಿಗೂ ಹಿಡಿಸಬೇಕೆಂದಿಲ್ಲ. ನನಗೂ ಹಿಡಿಸದ ಮಾತುಗಳಿವೆ. ಆದರೆ ಹಿಡಿಸದವನು ಎದ್ದು ಹೋಗಬಹುದಿತ್ತು. ದೀಪವನ್ನೇಕೆ ಆರಿಸಬೇಕು ಎಂಬ ಪ್ರಶ್ನೆ ನನ್ನಲ್ಲಿ ಏಳುತ್ತದೆ.

ಹೀಗೆ ಕೇಳುವ ನಾನೇ ಒಮ್ಮೆ ದೀಪ ಆರಿಸಿದವನು. ಅದನ್ನು ಹೇಳದೆ ಈ ಬರಹವನ್ನು ಮುಗಿಸಿದರೆ ತಪ್ಪಾಗುತ್ತದೆ.

ನಾನು ಮಡಕಶಿರಾ ಸೀಮೆಯ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಮೇಷ್ಟ್ರಾಗಿದ್ದಾಗ, ವಾರ್ಷಿಕೋತ್ಸವಕ್ಕೆಂದು ಒಂಬತ್ತನೆಯ ತರಗತಿಯ ಮಕ್ಕಳು ತಾವೇ ಒಂದು ಪ್ರಹಸನ ಕಟ್ಟಿದರು. ಅರ್ಧ ವರ್ಷ ಕಳೆದರೂ ಬಾರದ ಕನ್ನಡ ಪಠ್ಯಪುಸ್ತಕ, ಕನ್ನಡದಲ್ಲಿ ಬರೆದ ಅರ್ಜಿಯನ್ನು ತಲೆಕೆಳಗಾಗಿ ಹಿಡಿದು ಓದುವ ಅಧಿಕಾರಿ, ಪುಸ್ತಕ ಬರಲೆಂದು ತಾಯಿತ ಮಾರುವ ಬಾಬಾ; ಇವಿಷ್ಟೇ ಕಥೆ. ಅಭ್ಯಾಸದಲ್ಲಿಯೇ ಶಾಲೆಯೆಲ್ಲ ನಕ್ಕಿತ್ತು. ಅಷ್ಟರಲ್ಲಿ ಅಧಿಕಾರಿಯೊಬ್ಬರು ಮುಖ್ಯ ಅತಿಥಿಯಾಗಿ ಬರುವುದು ಗೊತ್ತಾಯಿತು. ನನಗೆ ಯಾರೂ ಆಜ್ಞೆ ಮಾಡಲಿಲ್ಲ. ಇದ್ದ ನಾಲ್ಕು ಕನ್ನಡ ಶಾಲೆಗಳಿಗೆ ತೊಂದರೆಯಾದೀತೆಂದು ನಾನೇ ಹೆದರಿದೆ. ಪ್ರಹಸನವನ್ನು ಬಿಡಿಸಿ, ಅದರ ಬದಲಿಗೆ ಕೋಲಾಟ ಹಾಕಿಸಿದೆ. ಬಾಬಾನ ಪಾತ್ರಕ್ಕೆ ಹತ್ತಿಯ ಗಡ್ಡ ಅಂಟಿಸಿಕೊಂಡಿದ್ದ ಹುಡುಗಿಯೊಬ್ಬಳು ಬಂದು ಕೇಳಿದಳು: “ಸಾರ್, ಅವರು ಬರದೇ ಇದ್ದಿದ್ರೆ ಮಾಡಬಹುದಿತ್ತಾ?”

ನಾನು ಗದರಿ ಕಳುಹಿಸಿದೆ. ರಾತ್ರಿ ಮಲಗಿದಾಗ ತಂದೆಯವರ ಮಾತು ಕಿವಿಯಲ್ಲಿ ಕೇಳಿಸಿತು. ಬೆನ್ನ ಹಿಂದೆ ಮಾಡುವುದು ಬರಿಯ ಅಣಕ. ಎದುರಿಗೆ ಕೂಡಿಸಿಕೊಂಡು ಮಾಡಿದಾಗ ಮಾತ್ರ ಅದು ನಾಟಕವೆಂದು ಅವರಿಗೆ ತಿಳಿದಿತ್ತು. ಹಿರಣ್ಣಯ್ಯನವರು ಬದುಕಿಡೀ ಮಾಡಿದ್ದು ಅದನ್ನೇ. ನಾನು ಹನ್ನೊಂದರ ವಯಸ್ಸಿನಲ್ಲಿ ಹಿತ್ತಲಿಗೆ ಓಡಿದೆ. ನಲವತ್ತು ದಾಟಿದ ಮೇಲೂ ಓಡಿದೆ, ಈ ಸಲ ಮಕ್ಕಳ ಕೈಹಿಡಿದು ಎಳೆದುಕೊಂಡು.

ಮಾಸ್ಟರ್ ಹಿರಣ್ಣಯ್ಯನವರು 2019ರ ಮೇ 2ರಂದು ತಮ್ಮ ಎಂಬತ್ತೈದನೆಯ ವಯಸ್ಸಿನಲ್ಲಿ ಬೆಂಗಳೂರಿನಲ್ಲಿ ನಿಧನರಾದರು. ತಂದೆಯವರು ಅದಕ್ಕೆ ಬಹಳ ಮುಂಚೆಯೇ ಹೋಗಿದ್ದರು. ಅವರ ಕನ್ನಡಕ ನನ್ನ ಮೇಜಿನಲ್ಲಿದೆ.

ಮಡಕಶಿರಾ, ಅಗಳಿ, ಅಮರಾಪುರ, ರಾಯದುರ್ಗಗಳ ಕನ್ನಡ ಶಾಲೆಗಳ ಪೋಷಕರಲ್ಲಿ ನನ್ನದೊಂದು ಬಿನ್ನಹ. ಮಕ್ಕಳು ಮನೆಯಲ್ಲಿ ನಿಮ್ಮನ್ನೇ ಅಣಕಿಸುವುದನ್ನು ಕಂಡರೆ ಕೈ ಎತ್ತಬೇಡಿ; ಗೋಡೆಗೊರಗಿ ಕುಳಿತು ನೋಡಿ. ಈ ವರ್ಷದ ಶಾಲಾ ಉತ್ಸವದಲ್ಲಿ ಅವರು ಪ್ರಹಸನ ಕಟ್ಟಿದರೆ ಕೋಲಾಟಕ್ಕೆ ಬದಲಾಯಿಸಬೇಡಿ. ಅತಿಥಿಗಳಿಗೆ ಕನ್ನಡ ಬಾರದಿದ್ದರೆ ಪಕ್ಕದಲ್ಲಿ ಕುಳಿತು ತೆಲುಗಿನಲ್ಲಿ ಅರ್ಥ ಹೇಳಲು ನಾನು ಬರುತ್ತೇನೆ.