ತಂದೆಯವರ ಗೆಳೆಯನ ಹೆಸರು ಹುಡುಕಿಕೊಂಡು

ದೆಹಲಿಗೆ ಹೋಗಿಬಂದೆವೆಂದರೆ ನೆರೆಹೊರೆಯವರು ಕೇಳುವುದು ಮೂರೇ ಪ್ರಶ್ನೆ. ಕೆಂಪುಕೋಟೆ ನೋಡಿದಿರಾ? ಕುತುಬ್ ಮಿನಾರ್ ನೋಡಿದಿರಾ? ಚಾಂದನಿ ಚೌಕದಲ್ಲಿ ಸೀರೆ ತಂದಿರಾ? ಕಳೆದ ಡಿಸೆಂಬರಿನಲ್ಲಿ ನಾವು ಹೋದದ್ದು ಈ ಮೂರಕ್ಕೂ ಅಲ್ಲ. ಎಪ್ಪತ್ತು ದಾಟಿದ ನಮ್ಮ ತಾಯಿಯವರಿಗೆ ಕಲ್ಲಿನ ಮೇಲೆ ಕೆತ್ತಿದ ಒಂದು ಹೆಸರನ್ನು ನೋಡಬೇಕಾಗಿತ್ತು.

ನಮ್ಮ ತಂದೆಯವರು ಸೈನ್ಯದಲ್ಲಿದ್ದವರು. ಬೆಂಗಳೂರಿನ ಹಲಸೂರು ಕೆರೆಯ ಹತ್ತಿರ ಮದ್ರಾಸ್ ಇಂಜಿನಿಯರ್ ಗ್ರೂಪಿನ ಕೇಂದ್ರ ಇದೆಯಲ್ಲ, ಅಲ್ಲಿ ತರಬೇತಿ ಪಡೆದವರು. 1780ರಷ್ಟು ಹಳೆಯ ಪಡೆ ಅದು. ಸೇತುವೆ ಕಟ್ಟುವುದು, ದಾರಿ ಮಾಡುವುದು, ಶತ್ರು ಹೂತಿಟ್ಟ ಮೈನುಗಳನ್ನು ತೆಗೆಯುವುದು ಇವರ ಕೆಲಸ. ಇವರನ್ನು ಸ್ಯಾಪರ್‌ಗಳೆನ್ನುತ್ತಾರೆ. ಸೈನ್ಯ ಬಿಟ್ಟ ಮೇಲೆ ಅರಸೀಕೆರೆ ಕಡೆಯ ನಮ್ಮ ಊರಿನಲ್ಲಿ ತೆಂಗಿನ ತೋಟ ನೋಡಿಕೊಂಡಿದ್ದರು. ಅವರು ತೀರಿಕೊಂಡು ಈಗ ಎರಡು ವರ್ಷ.

ನೆಲವನ್ನು ನಂಬದ ಮನುಷ್ಯ

ತಂದೆಯವರು ಯುದ್ಧದ ಮಾತು ಆಡಿದವರಲ್ಲ. ಆದರೆ ಅವರ ಕೈಕಾಲು ಮಾತಾಡುತ್ತಿದ್ದವು. ಗಿಡ ನೆಡಲು ಗುಂಡಿ ತೋಡುವ ಮುಂಚೆ ಒಂದು ಕಬ್ಬಿಣದ ಸರಳಿನಿಂದ ನೆಲವನ್ನು ಚುಚ್ಚಿ ನೋಡುವರು. ನೇರವಾಗಿ ಅಲ್ಲ, ಓರೆಯಾಗಿ. ಮೈನು ಸಿಡಿಯುವುದು ಮೇಲಿನಿಂದ ಭಾರ ಬಿದ್ದಾಗ. ಓರೆಯಾಗಿ ಚುಚ್ಚಿದರೆ ಸರಳು ಅದರ ಪಕ್ಕಕ್ಕೆ ತಗಲುತ್ತದೆ, ನೆತ್ತಿಗಲ್ಲ. ಈ ಲೆಕ್ಕ ನನಗೆ ತಿಳಿದದ್ದು ದೊಡ್ಡವಳಾದ ಮೇಲೆ. ಸೊಪ್ಪಿನ ಮಡಿಗಳ ನಡುವೆ ಬಿಳಿ ದಾರ ಕಟ್ಟಿ, "ಇದರೊಳಗೇ ನಡೀಬೇಕು ಮಗು" ಎನ್ನುತ್ತಿದ್ದರು. ಮೈನು ತೆಗೆದ ದಾರಿಯನ್ನೂ ಬಿಳಿ ಪಟ್ಟಿ ಕಟ್ಟಿಯೇ ಗುರುತು ಮಾಡುತ್ತಾರಂತೆ.

ಕಪ್ಪು ಟ್ರಂಕಿನಲ್ಲಿ ಎರಡು ಪದಕಗಳಿದ್ದವು: 1971ರ ಯುದ್ಧದ ಪಶ್ಚಿಮೀ ಸ್ಟಾರ್, ಸಂಗ್ರಾಮ್ ಮೆಡಲ್. ದೀಪಾವಳಿಗೆ ಪಾತ್ರೆ ತಿಕ್ಕುವಾಗ ಅಮ್ಮ ಅವಕ್ಕೂ ಒಂದಿಷ್ಟು ಹುಣಸೆಹಣ್ಣು ಹಚ್ಚಲು ಹೋದರೆ, "ಬಿಡೇ, ಅವು ಹಾಗೇ ಇರಲಿ" ಎನ್ನುವರು. ಡಿಸೆಂಬರ್ 16ರಂದು ಮಾತ್ರ ಬೆಳಿಗ್ಗೆ ಸ್ನಾನ ಮಾಡಿ, ಮಧ್ಯಾಹ್ನದವರೆಗೆ ಏನೂ ತಿನ್ನುತ್ತಿರಲಿಲ್ಲ. ಊರಿನವರು ಆ ದಿನ ಗೆಲುವಿನ ಹಬ್ಬವೆಂದು ಹಾರ ಹಾಕಲು ಬಂದರೆ ತೋಟಕ್ಕೆ ಹೊರಟುಬಿಡುವರು.

ಕಾರಣ ಹೇಳಿದವಳು ಅಮ್ಮ. ಜಮ್ಮುವಿನ ಸಾಂಬಾದ ಆಚೆ, ಶಕರ್‌ಗಢದ ಪ್ರದೇಶದಲ್ಲಿ ಬಸಂತರ್ ಎಂಬ ನದಿ ಇದೆ. ಆಗ ಅಲ್ಲಿ ಶತ್ರುಗಳು ಮೈನುಗಳನ್ನು ಹುದುಗಿಸಿದ್ದರು. 1971ರ ಡಿಸೆಂಬರ್ 15ರ ರಾತ್ರಿ ನಮ್ಮ ಸ್ಯಾಪರ್‌ಗಳು ಟ್ಯಾಂಕುಗಳಿಗೆ ದಾರಿ ಮಾಡುತ್ತಿದ್ದರು. ಆಚೆ ದಡದಲ್ಲಿದ್ದ ಪದಾತಿಗಳಿಗೆ ಅಪಾಯ ಬಂದಾಗ, ಕೆಲಸ ಪೂರ್ತಿ ಮುಗಿಯುವ ಮೊದಲೇ ಪೂನಾ ಹಾರ್ಸ್‌ನ ಟ್ಯಾಂಕುಗಳು ಅದೇ ದಾರಿಯಲ್ಲಿ ನುಗ್ಗಿದವು. ಮರುದಿನದ ಕಾಳಗದಲ್ಲಿ ಇಪ್ಪತ್ತೊಂದು ವರ್ಷದ ಅರುಣ್ ಖೇತರ್‌ಪಾಲ್ ಮಡಿದು ಪರಮವೀರ ಚಕ್ರ ಪಡೆದದ್ದನ್ನು ದೇಶವೆಲ್ಲ ಬಲ್ಲದು. ಆ ದಾರಿಯಲ್ಲೇ ತಂದೆಯವರ ಜೊತೆಗಾರರೊಬ್ಬರೂ ತೀರಿಕೊಂಡರು. ತಮಿಳುನಾಡಿನವರು. ಹಿಂದಿನ ವರ್ಷ ಅಪ್ಪ ಅಮ್ಮನ ಮದುವೆಗೆ ಬಂದು, ಒಬ್ಬಟ್ಟಿಗೆ ಮೂರು ಸಲ ತುಪ್ಪ ಹಾಕಿಸಿಕೊಂಡು ಉಂಡವರು. ಅವರ ಮನೆಯವರ ಅಪ್ಪಣೆ ಇಲ್ಲದ್ದರಿಂದ ಹೆಸರನ್ನು ಇಲ್ಲಿ ಬರೆದಿಲ್ಲ.

ಎರಡು ರಾತ್ರಿಯ ಪ್ರಯಾಣ

ಬೆಂಗಳೂರಿನಿಂದ ಸಂಜೆ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದೆವು. ಎರಡು ರಾತ್ರಿ, ಒಂದು ಪೂರ್ತಿ ಹಗಲು. ಅಮ್ಮ ಚಪಾತಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಒಂದು ಡಬ್ಬಿ ಕೋಡುಬಳೆ ಕಟ್ಟಿಕೊಂಡಿದ್ದಳು. ಮೊಸರನ್ನದ ನೆಚ್ಚಿಕೆ ಬೇಡ, ಎರಡನೆಯ ದಿನಕ್ಕೆ ಹುಳಿ ಬಂದುಬಿಡುತ್ತದೆ. ದೆಹಲಿಯ ಡಿಸೆಂಬರ್ ಚಳಿ ನಮ್ಮ ಶಾಲಿಗೆ ಬಗ್ಗುವಂಥದಲ್ಲ. ಸ್ವೆಟರ್, ಕಾಲುಚೀಲ ಇರಲೇಬೇಕು.

ಇಂಡಿಯಾ ಗೇಟ್ ನಮಗೆಲ್ಲ ಪಟದಲ್ಲಿ ಪರಿಚಯ. ಬ್ರಿಟಿಷರ ಕಾಲದಲ್ಲಿ ಮಡಿದ ಭಾರತೀಯ ಸಿಪಾಯಿಗಳ ನೆನಪಿಗೆಂದು 1931ರಲ್ಲಿ ಮುಗಿದದ್ದು ಅದು. ಸ್ವಾತಂತ್ರ್ಯ ಬಂದ ಮೇಲೆ ಮಡಿದವರಿಗೆ ಅದರ ಬಳಿಯಲ್ಲೇ ಕಟ್ಟಿರುವುದು ರಾಷ್ಟ್ರೀಯ ಯುದ್ಧ ಸ್ಮಾರಕ. ತೆರೆದದ್ದು 2019ರ ಫೆಬ್ರವರಿ 25ರಂದು. ಸುಮಾರು 40 ಎಕರೆ ಜಾಗ. ದೊಡ್ಡ ರಂಗೋಲಿಯ ಸುತ್ತುಗಳಂತೆ ಒಂದರೊಳಗೊಂದು ನಾಲ್ಕು ವೃತ್ತಗಳು. ನಟ್ಟನಡುವೆ ಅಮರ ಚಕ್ರ. ಅಲ್ಲಿ ಎತ್ತರದ ಕಂಬ, ಅದರ ಬುಡದಲ್ಲಿ ಆರದ ಜ್ಯೋತಿ. 1972ರಿಂದ ಇಂಡಿಯಾ ಗೇಟಿನ ಕೆಳಗೆ ಉರಿಯುತ್ತಿದ್ದ ಜ್ಯೋತಿಯನ್ನು 2022ರ ಜನವರಿಯಲ್ಲಿ ಇದರೊಂದಿಗೆ ಕೂಡಿಸಿದರು. ಅದರಾಚೆ ಯುದ್ಧದ ದೃಶ್ಯಗಳ ಕಂಚಿನ ಚಿತ್ರಗಳಿರುವ ವೀರತಾ ಚಕ್ರ. ಮತ್ತೂ ಹೊರಗೆ ತ್ಯಾಗ ಚಕ್ರ.

ನಾವು ಬಂದದ್ದು ಈ ತ್ಯಾಗ ಚಕ್ರಕ್ಕೆ. ಚಕ್ರವ್ಯೂಹದ ಹಾಗೆ ಬಾಗಿ ನಿಂತ ಗೋಡೆಗಳು. ಒಬ್ಬೊಬ್ಬ ಯೋಧನಿಗೆ ಇಟ್ಟಿಗೆಯಷ್ಟು ಅಗಲದ ಒಂದೊಂದು ಗ್ರಾನೈಟ್ ಕಲ್ಲು. ಸ್ಮಾರಕ ತೆರೆದಾಗಲೇ 25,900ಕ್ಕೂ ಹೆಚ್ಚು ಹೆಸರುಗಳಿದ್ದವು. ಇಷ್ಟರಲ್ಲಿ ಒಂದನ್ನು ಹುಡುಕುವುದು ಹೇಗೆಂದು ಎದೆ ಝಲ್ಲೆಂದಿತು. ಪರದೆಯ ಮೇಲೆ ಹೆಸರು ಹುಡುಕುವ ಅನುಕೂಲವಿದೆ. ಅಲ್ಲಿದ್ದ ಹುಡುಗನೊಬ್ಬ, "ಬನ್ನಿ ಮಾತಾಜಿ" ಎಂದು ಅಮ್ಮನ ಕೈಹಿಡಿದು ಗೋಡೆಯವರೆಗೂ ಕರೆದುಕೊಂಡು ಹೋದ.

ನಾನು ಹೆಸರು ಓದಿದೆ. ಅಮ್ಮ ಕಲ್ಲನ್ನು ಸೆರಗಿನಿಂದ ಒರೆಸಿ, ಅಕ್ಷರಗಳ ಮೇಲೆ ಬೆರಳಾಡಿಸಿದಳು. "ಮೂರು ಸಲ ತುಪ್ಪ ಹಾಕಿಸ್ಕೊಂಡಿದ್ರಲ್ಲಪ್ಪಾ" ಎಂದಳು. ಅಷ್ಟೇ. ಅಳಲಿಲ್ಲ.

ಬದುಕಿ ಬಂದವರು ಎಲ್ಲಿ?

ಸಂಜೆ ಹುತಾತ್ಮರೊಬ್ಬರ ಮನೆಯವರು ಜ್ಯೋತಿಯ ಮುಂದೆ ಹೂಮಾಲೆ ಇರಿಸುವ ಪದ್ಧತಿ ಇಲ್ಲಿದೆ. ಅದನ್ನು ನೋಡುತ್ತಿದ್ದ ಅಮ್ಮ ಮೆಲ್ಲಗೆ ಕೇಳಿದಳು: "ವಾಪಸ್ ಬಂದೋರ ಹೆಸರು ಎಲ್ಲೂ ಇಲ್ವೇನೆ? ಅವರೂ ಅಲ್ಲಿಗೆ ಹೋಗಿದ್ರಲ್ಲ. ಅರ್ಧ ಅಲ್ಲೇ ಬಿಟ್ಟು ಬಂದಿದ್ರಲ್ಲ."

ಹೌದಲ್ಲ! ತಂದೆಯವರು ಬದುಕಿ ಬಂದರು, ಅದು ನಮ್ಮ ಪುಣ್ಯ. ಆದರೆ ಐವತ್ತು ವರ್ಷ ಆ ಗೆಳೆಯನ ಹೆಸರನ್ನು ಹೊತ್ತು ನಡೆದವರೂ ಅವರೇ. ನೆಲ ಚುಚ್ಚಿ ನೋಡುವ ಕೈಯನ್ನು ಸೈನ್ಯ ಬಿಟ್ಟುಬಂದ ಮೇಲೂ ಬಿಡಲಾಗಲಿಲ್ಲ.

ಒಳಗೆ ಬರುವಾಗ ಸುಮ್ಮನೆ ದಾಟಿಬಂದಿದ್ದ ಮರಗಳ ಸಾಲು ಆಗ ಕಣ್ಣಿಗೆ ಬಿತ್ತು. ಅದು ನಾಲ್ಕನೆಯ, ಎಲ್ಲಕ್ಕೂ ಹೊರಗಿನ ರಕ್ಷಕ ಚಕ್ರ. ಅಲ್ಲಿ ಗೋಡೆಯಿಲ್ಲ, ಹೆಸರಿಲ್ಲ. ದೇಶದ ಗಡಿಯನ್ನು ಕಾಯುವ ಯೋಧರ ಗುರುತಾಗಿ ಮರಗಳನ್ನೇ ನೆಟ್ಟಿದ್ದಾರೆ. ಇದನ್ನು ಹೇಳಿದಾಗ ಅಮ್ಮ ಒಂದು ಮರದ ಬುಡದ ಮಣ್ಣನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. "ಹಾಗಾದ್ರೆ ಇದು ನಮ್ಮೋರ ಜಾಗ. ತೋಟದೋರಿಗೆ ಮರಾನೇ ಸರಿ" ಎಂದಳು.

ನೀವು ಹೋಗುವುದಾದರೆ

ಸ್ಮಾರಕ ನೋಡಲು ಹಣ ಕೊಡಬೇಕಾಗಿಲ್ಲ. ನಡೆಯುವುದು ಬಹಳ, ಮೆತ್ತನೆ ಚಪ್ಪಲಿ ಇರಲಿ. ಪಕ್ಕದ ಪರಮ ಯೋಧ ಸ್ಥಳದಲ್ಲಿ ಪರಮವೀರ ಚಕ್ರ ಪಡೆದವರ ಪ್ರತಿಮೆಗಳಿವೆ, ಮಕ್ಕಳಿಗೆ ತೋರಿಸಿ. ಹೆಸರು ಹುಡುಕುವವರು ಯೋಧರ ಹೆಸರು, ಪಡೆ, ಮಡಿದ ವರ್ಷವನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಮನೆಯಲ್ಲಿ ನಿವೃತ್ತ ಸೈನಿಕರಿದ್ದರೆ ಅವರ ಡಿಸ್ಚಾರ್ಜ್ ಬುಕ್, ಪಿಂಚಣಿಯ ಕಾಗದ ಎಲ್ಲಿವೆಯೆಂದು ಮನೆಯಾಕೆಗೂ ಗೊತ್ತಿರಲಿ. ಕುಟುಂಬ ಪಿಂಚಣಿಗೆ ಅವೇ ಆಧಾರ. ತಿಳಿಯದ್ದನ್ನು ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ಕೇಳಬಹುದು. ಕಾಗದಗಳ ಜೊತೆಗೆ ಇನ್ನೊಂದನ್ನೂ ಬರೆದಿಡಿ: ಅವರ ಜೊತೆಗಾರರ ಹೆಸರು. ಯಾವ ಕಲ್ಲಿನ ಮುಂದೆ ನಿಲ್ಲಬೇಕೆಂದು ಮೊಮ್ಮಕ್ಕಳಿಗೆ ತಿಳಿಯುವುದು ಅದರಿಂದಲೇ.