ಸುತ್ತಿ ಸುತ್ತಿ ಬರುವ ಆಯೇರಿ

1 ಮೇ 2025, ಗುರುವಾರ, ಹನುಮಸಾಗರ

ನಿನ್ನೆ ಬಸವ ಜಯಂತಿ, ಅಕ್ಷಯ ತೃತೀಯ. ಸುತ್ತ ಹತ್ತೂರಲ್ಲಿ ಮದುವೆಗಳು. ಅಣ್ಣನ ಮಗಳದೂ ಆಯಿತು. ಇವತ್ತು ಮಧ್ಯಾಹ್ನ ಪಡಸಾಲೆಯಲ್ಲಿ ವೈನಿ, ಅವರ ಸೊಸೆ, ನಾನು ಕೂತು ಉಡುಗೊರೆಯಾಗಿ ಬಂದ ಆಯೇರಿಯನ್ನೆಲ್ಲ ಬೇರೆ ಬೇರೆ ಮಾಡಿದೆವು. ಜಂಪರ್ ಪೀಸಿನದೇ ಒಂದು ಗುಡ್ಡೆ. ಟವೆಲ್ಲು-ಟೋಪಿಗಳದು ಇನ್ನೊಂದು. ಗೋಡೆ ಗಡಿಯಾರಗಳು, ರಾಧಾಕೃಷ್ಣರ ಫ್ರೇಮುಗಳು, ಒಂದೇ ನಮೂನೆಯ ಗಾಜಿನ ಲೋಟದ ಸೆಟ್ಟುಗಳು. ಹುಡುಗಿ ಸಂಸಾರ ಹೂಡುವುದು ಹುಬ್ಬಳ್ಳಿಯ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ. ಅಷ್ಟು ಗಡಿಯಾರ ತೂಗುಹಾಕಲು ಅಲ್ಲಿ ಗೋಡೆಗಳಾದರೂ ಎಲ್ಲಿವೆ?

ಒಂದು ಪೀಸು ಬಿಚ್ಚಿದ ಸೊಸೆ ಕಿಸಕ್ಕನೆ ನಕ್ಕಳು. ಮಡಿಕೆಯೊಳಗೆ ಹಳೆಯ ಕುಂಕುಮದ ಕಲೆ. ಯಾರದೋ ಉಡಿಯಲ್ಲಿ ಕೂತು ಬಂದದ್ದು, ಎಷ್ಟು ಊರು ನೋಡಿದೆಯೋ.

ಲಗ್ನಪತ್ರಿಕೆಯಲ್ಲಿ ‘ತಮ್ಮ ಆಶೀರ್ವಾದವೇ ಉಡುಗೊರೆ’ ಎಂದು ಅಚ್ಚು ಹಾಕಿಸಿದ್ದೆವು. ಎದುರು ಮನೆಯ ಅಜ್ಜಿಗೆ ಅದನ್ನು ನೆನಪಿಸಿದರೆ, “ಹಂಗ ಬರಸಿರತಾರವ್ವಾ, ಹಂಗಂತ ಬರೇ ಕೈಲೆ ಹ್ಯಾಂಗ ಬರೂದು?” ಎಂದಳು. ಅಜ್ಜಿಯ ಮಾತಿನಲ್ಲಿ ತಪ್ಪೇನಿಲ್ಲ.

ಕೊನೆಗೆ ಉಳಿದದ್ದು ಉಡುಗೊರೆಗೆ ಸುತ್ತಿದ್ದ ಥಳಥಳ ಹೊಳೆಯುವ ಹಾಳೆಗಳ ರಾಶಿ. ಒಲೆಗೆ ಹಾಕುವಂತಿಲ್ಲ, ಎಮ್ಮೆ ತಿಂದರೆ ಎಮ್ಮೆಗೆ ಕಷ್ಟ. ಸಿಹಿ ಡಬ್ಬಿಗೆ, ಲಗ್ನಪತ್ರಿಕೆಗೆ ಸುತ್ತುವ ಪ್ಲಾಸ್ಟಿಕ್ ಹಾಳೆಯನ್ನು ಸರಕಾರ 2022ರ ಜುಲೈ 1ರಿಂದ ನಿಷೇಧಿಸಿದೆ. ನಮ್ಮ ಪೆಂಡಾಲಿಗೆ ಆ ಸುದ್ದಿ ಮುಟ್ಟಿಲ್ಲ.

4 ಮೇ, ಭಾನುವಾರ

ಅಣ್ಣ ಮುಯ್ಯದ ಪುಸ್ತಕ ಹಿಡಿದು ಕೂತಿದ್ದ. ಯಾರು ಎಷ್ಟು ಬರೆಸಿದರು, ಅವರ ಮನೆಯ ಕಾರ್ಯಕ್ಕೆ ನಾವು ಎಷ್ಟು ಹಾಕಬೇಕು ಎಂಬ ಲೆಕ್ಕ. ಇದನ್ನು ವ್ಯಾಪಾರವೆಂದು ನಗುವ ಓದಿದ ಮಕ್ಕಳಿದ್ದಾರೆ. ನಾನು ನಗುವುದಿಲ್ಲ. ಮುಯ್ಯದ ರೊಕ್ಕದಲ್ಲಿ ಪೆಂಡಾಲಿನವರ ಬಾಕಿ ತೀರಿತು, ಕಿರಾಣಿಯ ಸಾಲದಲ್ಲೂ ಅರ್ಧ ಇಳಿಯಿತು. ಅಪ್ಪನ ಕಾಲದ ಪುಸ್ತಕದಲ್ಲಿ ರೊಕ್ಕಕ್ಕಿಂತ ಜೋಳ, ಬೆಲ್ಲ, ಕೊಬ್ಬರಿಯೇ ಹೆಚ್ಚು. ಮದುವೆಯ ಊಟ ಎದ್ದದ್ದೇ ಅದರಿಂದ. ಬಂದದ್ದೆಲ್ಲ ಖರ್ಚಾಗುತ್ತಿತ್ತು, ಟ್ರಂಕು ಸೇರುತ್ತಿರಲಿಲ್ಲ.

ವರದಕ್ಷಿಣೆ ನಿಷೇಧದ ಕಾನೂನಿಗೆ 1985ರಲ್ಲಿ ಸೇರಿಸಿದ ನಿಯಮಗಳ ಪ್ರಕಾರ ವಧೂವರರಿಗೆ ಬಂದ ಉಡುಗೊರೆಗಳ ಪಟ್ಟಿ ಬರೆದಿಡಬೇಕು: ಏನು, ಸುಮಾರು ಎಷ್ಟರದು, ಕೊಟ್ಟವರು ಯಾರು, ಅವರು ಏನಾಗಬೇಕು. ಅಣ್ಣನ ಪುಸ್ತಕ ಕೋರ್ಟಿಗೆ ಕೊಟ್ಟರೂ ನಿಲ್ಲುತ್ತದೆ!

ರಾತ್ರಿ ಮಾರ್ಸೆಲ್ ಮೌಸ್ ನೆನಪಾದ. ಕೊಡುವುದು, ತೆಗೆದುಕೊಳ್ಳುವುದು, ತಿರುಗಿ ಕೊಡುವುದು, ಮೂರೂ ತಪ್ಪಿಸಲಾಗದ ಋಣ ಎಂದು ಆ ಫ್ರೆಂಚ್ ಪಂಡಿತ ಬರೆದದ್ದು 1925ರಲ್ಲಿ. ಕೆನಡಾದ ಪಶ್ಚಿಮ ಕರಾವಳಿಯ ಮೂಲನಿವಾಸಿಗಳ ಪಾಟ್‌ಲ್ಯಾಚ್ ಬಗ್ಗೆಯೂ ಹೇಳುತ್ತಾನೆ. ಕಂಬಳಿಗಳನ್ನು ರಾಶಿಗಟ್ಟಲೆ ಹಂಚುವ ಹಬ್ಬ ಅದು. ದುಂದು ಎಂದು ಅಲ್ಲಿನ ಸರಕಾರ 1885ರಿಂದ 1951ರವರೆಗೆ ಅದಕ್ಕೆ ನಿಷೇಧ ಹಾಕಿತ್ತು. ಜನ ಕದ್ದುಮುಚ್ಚಿ ನಡೆಸಿಯೇ ನಡೆಸಿದರು. ಕಾನೂನಿನ ‘ಬೇಡ’ಕ್ಕೇ ಬಗ್ಗದ್ದು ನಮ್ಮ ಲಗ್ನಪತ್ರಿಕೆಯ ಒಂದು ಸಾಲಿಗೆ ಬಗ್ಗೀತೆ? ಬರುವವರ ಕೈಗೆ ಏನಾದರೂ ಬೇಕು. ಅದು ಏನಿರಬೇಕು ಅನ್ನುವುದನ್ನು ಮನೆಯವರು ಬಾಯಿಬಿಟ್ಟು ಹೇಳಬೇಕು, ಅಷ್ಟೆ.

25 ಜೂನ್, ಬುಧವಾರ

ಮಣ್ಣೆತ್ತಿನ ಅಮಾವಾಸ್ಯೆ. ಮೊಮ್ಮಗ ಎರೆಮಣ್ಣು ತಂದು ತಾನೇ ಎತ್ತು ಮಾಡಿದ. ಒಂದಕ್ಕೆ ಕೋಡು ಮೂರು. ಅದನ್ನೇ ಪೂಜೆಗಿಟ್ಟೆವು.

12 ಜುಲೈ, ಶನಿವಾರ

ಜಂಪರ್ ಪೀಸಿನ ಗಂಟನ್ನು ಕೌದಿ ಹೊಲಿಯುವ ಅಜ್ಜಿಯ ಮುಂದೆ ಬಿಚ್ಚಿದೆ. ಒಂದೊಂದನ್ನೂ ಬೆರಳಲ್ಲಿ ತಿಕ್ಕಿ ನೋಡಿದಳು. ಹೆಚ್ಚಿನವನ್ನು ನನ್ನ ಕಡೆಗೇ ಸರಿಸಿದಳು. “ಇವು ನೀರು ಕುಡಿಯಂಗಿಲ್ಲ, ಮೈಗೆ ಹತ್ತಂಗಿಲ್ಲ, ಸೂಜಿ ಜಾರತೈತಿ. ಹಳೇ ಸೀರಿ ಇದ್ರ ಕೊಡು.”

ಅವಳು ಸರಿಸಿದವೆಲ್ಲ ಪಾಲಿಯೆಸ್ಟರ್. ಅಳತೆ ನೋಡಿದರೆ ಮುಕ್ಕಾಲು ಮೀಟರು; ತೋಳು ಸ್ವಲ್ಪ ಉದ್ದ ಬೇಕೆಂದರೆ ಸಾಲದು. ಸಾಲುವಂತಿದ್ದರೂ ಮೂವತ್ತು-ನಲವತ್ತು ರೂಪಾಯಿಯ ಬಟ್ಟೆಗೆ ಅದರ ಎಷ್ಟೋ ಪಟ್ಟು ಹೊಲಿಗೆ ಕೂಲಿ ಯಾರು ಕೊಡುತ್ತಾರೆ? ಉಡಲು ಅಲ್ಲ, ಕೊಡಲೆಂದೇ ತಯಾರಾದ ಬಟ್ಟೆ ಇದು. ಸವಕಲು ನಾಣ್ಯದ ಹಾಗೆ ಕೈಯಿಂದ ಕೈಗೆ ದಾಟುತ್ತದೆ, ಯಾರೂ ಇಟ್ಟುಕೊಳ್ಳುವುದಿಲ್ಲ.

ಅವ್ವನ ಕಾಲದ ಉಡಿಯ ಖಣ ಹೀಗಿರಲಿಲ್ಲ. ಗುಳೇದಗುಡ್ಡದ ಖಣ ಮೊದಲು ಕುಬಸ ಆಗುತ್ತಿತ್ತು. ಮನೆಯಲ್ಲಿ ಕೂಸು ಹುಟ್ಟಿದರೆ ಕುಂಚಿಗೆ. ಹರಿದ ಮೇಲೆ ಕೌದಿಯ ಮೇಲಿನ ತುಂಡು. ಇಳಕಲ್ ಸೀರೆಯದೂ ಅದೇ ಹಾದಿ: ಒಡಲು ಸವೆದು ಮೆತ್ತಗಾದರೆ ಕೌದಿಯ ಒಳಪದರು, ಕೆಂಪು ಸೆರಗು ಮಾತ್ರ ಕಾಣುವಂತೆ ಮೇಲೆ. ಕೌದಿಯೂ ಹರಿದರೆ ದನದ ಕೊಟ್ಟಿಗೆಗೆ ಹೋಗುತ್ತಿತ್ತು. ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಹೆಂಗಸರು ಕೌದಿಯನ್ನೇ ಕವಂದಿ ಅನ್ನುತ್ತಾರೆ. ನಾಲ್ಕು ಮೂಲೆಗೆ ಬಟ್ಟೆ ಮಡಿಸಿ ‘ಫುಲಾ’ ಇಡದಿದ್ದರೆ ಅವರಿಗೆ ಕವಂದಿ ಪೂರಾ ಆದಂತಲ್ಲ. ಅವರ ಕವಂದಿಗಳು ಈಗ ವಿದೇಶದ ಪ್ರದರ್ಶನಗಳಿಗೆ ಹೋಗಿವೆ. ನಮ್ಮ ಮನೆಯ ಕೌದಿಗಳು ಅಟ್ಟ ಹತ್ತಿವೆ.

ಇಲ್ಲಿಂದ ಇಳಕಲ್ಲಿಗೆ ಬಸ್ಸಿನಲ್ಲಿ ಹೋಗಿ ಬರುವುದು ಅರ್ಧ ದಿನದ ಕೆಲಸ. ಸೀರೆಯ ಒಡಲಿನ ಒಂದೊಂದು ಎಳೆಗೂ ಸೆರಗಿನ ಎಳೆ ಕೊಂಡಿ ಹಾಕಿ ಕೂಡಿಸುವವರು ಪಕ್ಕದಲ್ಲೇ ಇದ್ದಾರೆ. ನಾವು ಎಲ್ಲಿಂದಲೋ ಬಂದ ಜಾರುವ ಬಟ್ಟೆಯನ್ನು ಡಜನ್ ಲೆಕ್ಕದಲ್ಲಿ ಕೊಳ್ಳುತ್ತೇವೆ. ಹತ್ತು ಪೀಸಿನ ರೊಕ್ಕದಲ್ಲಿ ಒಂದು ಒಳ್ಳೆಯ ಖಣ ಬರುತ್ತದೆ. ನನ್ನ ಸಿಟ್ಟೆಲ್ಲ ಈ ಜಾರುವ ಬಟ್ಟೆಯ ಮೇಲೆಯೇ.

27 ಜುಲೈ, ಭಾನುವಾರ

ರೊಟ್ಟಿ ಪಂಚಮಿ. ವಾರದಿಂದ ಬಡಿದಿಟ್ಟ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಜೋಳದ ಕಟಕ ರೊಟ್ಟಿ, ಎಣ್ಣೆಗಾಯಿ, ಮಡಿಕೆಕಾಳಿನ ಪಲ್ಯ, ಗುರೆಳ್ಳು ಚಟ್ನಿ. ಬೆಳಿಗ್ಗೆಯಿಂದ ಓಣಿಯ ತುಂಬ ತಾಟುಗಳ ಓಡಾಟ. ನಮ್ಮ ರೊಟ್ಟಿ ಅವರ ಮನೆಗೆ, ಅವರ ರೊಟ್ಟಿ ನಮ್ಮ ಮನೆಗೆ. ಜಾತಿ ಯಾವುದೆಂದು ತಾಟು ಕೇಳುವುದಿಲ್ಲ. ಕೊಟ್ಟದ್ದೂ ರೊಟ್ಟಿ, ಬಂದದ್ದೂ ರೊಟ್ಟಿ. ಲೆಕ್ಕ ಹಾಕಿದರೆ ಯಾರಿಗೂ ಲಾಭವಿಲ್ಲ. ಆದರೂ ಯಾರೂ ಬಿಡುವುದಿಲ್ಲ, ಸಂಜೆಯ ಹೊತ್ತಿಗೆ ಒಂದು ಚೂರೂ ಉಳಿಯುವುದಿಲ್ಲ. ಕೊಪ್ಪಳದ ಗವಿಮಠದ ಜಾತ್ರೆಗೆ ಊರೂರಿನಿಂದ ಟ್ರ್ಯಾಕ್ಟರಿನಲ್ಲಿ ರೊಟ್ಟಿ ಹೋಗುವುದೂ ಇದೇ ಲೆಕ್ಕದ ದೊಡ್ಡ ರೂಪ. ಕೊಟ್ಟವರ ಹೆಸರು ರೊಟ್ಟಿಯ ಮೇಲೆ ಇರುವುದಿಲ್ಲ.

29 ಜುಲೈ, ಮಂಗಳವಾರ

ಪಂಚಮಿ. ಮದುಮಗಳ ಮೊದಲ ನಾಗರ ಪಂಚಮಿ ತವರಿನಲ್ಲಿ. ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿದ್ದಾಯಿತು, ಜೋಕಾಲಿ ಆಡಿದ್ದಾಯಿತು. ಉಡಿ ತುಂಬುವ ಹೊತ್ತಿಗೆ ಅವಳೇ ಬಾಯಿಬಿಟ್ಟಳು. “ಅತ್ತಿ, ಎಲ್ಲಾರೂ ಒಂದೊಂದು ಪೀಸ್ ಇಡಬ್ಯಾಡ್ರಿ. ಮಿಕ್ಸಿ ಕೆಟ್ಟೈತಿ, ಕೂಡಿ ಒಂದು ಮಿಕ್ಸಿ ಕೊಡಸ್ರಿ.”

ವೈನಿಗೆ ಅಳುಕು. “ಬೀಗರು ಏನಂದಾರು?” ಅಣ್ಣ ಅಲ್ಲೇ ಫೋನ್ ಹಚ್ಚಿದ. ಆ ಕಡೆಯಿಂದ ಬೀಗರ ದೊಡ್ಡ ನಗು: “ನಮ್ಮ ಟ್ರಂಕೂ ತುಂಬೈತ್ರಿ, ನೀವು ಶುರು ಮಾಡ್ರಿ, ನಾವೂ ಬಿಡತೀವಿ.” ಎರಡೂ ಮನೆಯವರು ಯಾರು ಮೊದಲು ಹೇಳಲಿ ಎಂದು ಕಾಯುತ್ತಿದ್ದದ್ದೇ ನಿಜ.

ಉಡಿಗೆ ತವರಿನಿಂದ ಒಂದೇ ಖಣ, ಗುಳೇದಗುಡ್ಡದ್ದು. ಉಳಿದವರು ಅಕ್ಕಿ, ಕಾಯಿ, ಉತ್ತತ್ತಿ, ಬಾಳೆಹಣ್ಣು ಇಟ್ಟರು. ಯಾರ ಉಡಿಯೂ ಬಡವಾದಂತೆ ಕಾಣಲಿಲ್ಲ.

ತುಳಸಿ ಲಗ್ನ ಆದ ಮೇಲೆ ತಮ್ಮನ ಮಗನ ಮದುವೆ. ಪತ್ರಿಕೆಗೆ ಈ ಸಾಲು ಬರೆದುಕೊಟ್ಟಿದ್ದೇನೆ, ತಮ್ಮನೂ ಒಪ್ಪಿದ್ದಾನೆ: ‘ಜಂಪರ್ ಪೀಸು, ಟವೆಲ್ಲು, ಟೋಪಿ, ಗಡಿಯಾರ ತರಬೇಡಿರಿ. ಇಷ್ಟವಿದ್ದವರು ಮುಯ್ಯ ಬರೆಸಿರಿ, ಹೊಲದವರು ಜೋಳ ತನ್ನಿರಿ. ಅಂದಿನ ಊಟಕ್ಕೇ ಬಳಸುತ್ತೇವೆ.’